ಚಪ್ಪಾಳೆಗೆ ಮರುಳಾಗದ ಬೋಧಕ ಸಂತ ಅಗಸ್ಟೀನರು

ಆಗಸ್ಟ್ 28 ಸಂತ ಅಗಸ್ಟೀನರ ಹಬ್ಬ. ಅವರ ಮನಪರಿವರ್ತನೆಯ ಕಥೆಯನ್ನೂ ತಾಯಿ ಸಂತ ಮೋನಿಕಾರವರ ಕಣ್ಣೀರನ್ನೂ ನಾವೆಲ್ಲ ಬಲ್ಲೆವು. ತಮ್ಮ ಮಾತನ್ನು ತಾವೇ ತೂಗಿ ನೋಡಿ ತಿದ್ದಿಕೊಳ್ಳುತ್ತಿದ್ದ ಅಗಸ್ಟೀನರನ್ನು ಈ ಸಲ ನೆನೆಯೋಣ.

ಅವರು ಹುಟ್ಟಿದ್ದು 354ರಲ್ಲಿ, ಇಂದಿನ ಅಲ್ಜೀರಿಯಾ ದೇಶದಲ್ಲಿರುವ ತಗಾಸ್ತೆಯಲ್ಲಿ. ಭಾಷಣಕಲೆಯನ್ನು ಕಲಿತು, ಕಾರ್ಥೇಜ್ ಮತ್ತು ರೋಮ್ ನಗರಗಳಲ್ಲಿ ಅದನ್ನೇ ಕಲಿಸಿ, 384ರಲ್ಲಿ ಮಿಲಾನಿನಲ್ಲಿ ಅಧ್ಯಾಪಕರಾದರು. ಅಲ್ಲಿನ ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರ ಪ್ರಬೋಧನೆಗೆ ಮೊದಮೊದಲು ಹೋದದ್ದು ಮಾತಿನ ಸೊಗಸನ್ನು ಅಳೆಯಲು. ಆದರೆ ಸೊಗಸಿನ ಜೊತೆಗೆ ಸತ್ಯವೂ ಮನಸ್ಸನ್ನು ಹೊಕ್ಕಿತು. 387ರ ಪಾಸ್ಖ ಹಬ್ಬದಲ್ಲಿ ಅಂಬ್ರೋಸರಿಂದಲೇ ದೀಕ್ಷಾಸ್ನಾನ ಪಡೆದರು. 391ರಲ್ಲಿ ಹಿಪ್ಪೋ ಪಟ್ಟಣದಲ್ಲಿ ಗುರುಗಳಾಗಿ, ಕೆಲವೇ ವರ್ಷಗಳಲ್ಲಿ ಅಲ್ಲಿನ ಧರ್ಮಾಧ್ಯಕ್ಷರಾದರು.

ಕಾರ್ಥೇಜಿನ ಉಪಯಾಜಕ ದೆಯೋಗ್ರಾತಿಯಾಸ್ ಒಮ್ಮೆ, ತನ್ನ ಉಪದೇಶ ತನಗೇ ಸಪ್ಪೆಯೆನಿಸುತ್ತದೆ ಎಂದು ಅವರಲ್ಲಿ ತೋಡಿಕೊಂಡರು. ತಮಗೂ ತಮ್ಮ ಮಾತು ಹೆಚ್ಚುಕಡಿಮೆ ಯಾವಾಗಲೂ ಅತೃಪ್ತಿಯನ್ನೇ ತರುತ್ತದೆಂದು ಅಗಸ್ಟೀನರು ಉತ್ತರ ಬರೆದರು. ಮನದಲ್ಲಿ ಮಿಂಚಿದ್ದು ನಾಲಿಗೆಗೆ ಬರುವಷ್ಟರಲ್ಲಿ ಮಂಕಾಗುತ್ತದೆ. ಆದರೂ ನಮಗೆ ಸಪ್ಪೆಯಾದದ್ದು ಕೇಳುವವರಿಗೂ ಸಪ್ಪೆಯಾಗಬೇಕಿಲ್ಲ ಎಂದು ಧೈರ್ಯ ತುಂಬಿದರು. ಕೇಳುವವನು ಆಕಳಿಸಿದರೆ ಲವಲವಿಕೆಯ ಮಾತೊಂದನ್ನು ಸೇರಿಸಬೇಕು, ನಿಂತು ದಣಿದಿದ್ದರೆ ಕೂರಿಸಬೇಕು ಎಂದೂ ಸಲಹೆಯಿತ್ತರು.

ಭಾಷಾ ಪಂಡಿತರಾಗಿದ್ದರೂ ಪಾಂಡಿತ್ಯಕ್ಕೆ ಅವರು ಅಂಟಿಕೊಳ್ಳಲಿಲ್ಲ. ಮೂಳೆ ಎಂಬುದಕ್ಕೆ ಶುದ್ಧ ಲ್ಯಾಟಿನಿನಲ್ಲಿರುವ ಪದ ಆಫ್ರಿಕದವರ ಕಿವಿಗೆ ಬಾಯಿ ಎಂಬ ಪದದಂತೆಯೇ ಕೇಳುತ್ತಿತ್ತು. ಆದ್ದರಿಂದ ವ್ಯಾಕರಣದವರು ನಕ್ಕರೂ ಚಿಂತೆಯಿಲ್ಲ, ಜನರಿಗೆ ಅರ್ಥವಾಗಲಿ ಎಂದು ಆಡುಮಾತಿನ ಪದವನ್ನೇ ಒಪ್ಪಿದರು. ಪ್ಯೂನಿಕ್ ಮಾತಾಡುವ ಹಳ್ಳಿಗಳಿಗೆ ಆ ಭಾಷೆ ಬಲ್ಲ ಗುರುಗಳನ್ನು ಹುಡುಕಿದರು. ಹಲವು ಭಾಷೆಗಳ ಧರ್ಮಕ್ಷೇತ್ರದಲ್ಲಿ ಬಾಳುವ ನಮಗೆ ಇದರ ಬೆಲೆ ಗೊತ್ತು.

ಸಿಸೇರಿಯಾ ಎಂಬ ಊರಲ್ಲಿ ವರ್ಷಕ್ಕೊಮ್ಮೆ ನೆಂಟರಿಷ್ಟರೇ, ತಂದೆ ಮಕ್ಕಳೇ ಎರಡು ಗುಂಪಾಗಿ ಹಲವು ದಿನ ಕಲ್ಲು ತೂರಾಡಿ ಕೊಲ್ಲುವ ವಾಡಿಕೆಯಿತ್ತು. ಅದನ್ನು ಬಿಡಿಸಲು ಅಗಸ್ಟೀನರು ಮಾತಾಡಿದರು. ಜನ ಚಪ್ಪಾಳೆ ತಟ್ಟಿದರು. ಮಾತು ಮೆಚ್ಚುಗೆಯಾಯಿತು, ಕೆಲಸ ಇನ್ನೂ ಆಗಿಲ್ಲ ಎಂದು ತಿಳಿದು ಅವರು ಮುಂದುವರಿಸಿದರು. ಜನರ ಕಣ್ಣಲ್ಲಿ ನೀರು ಕಂಡ ಮೇಲೆಯೇ ಮಾತು ನಾಟಿತೆಂದು ಅವರಿಗೆ ಅನಿಸಿತು. ಎಂಟು ವರ್ಷ ಕಳೆದರೂ ಆ ಕಲ್ಲಿನ ಕಾಳಗ ಮರುಕಳಿಸಿರಲಿಲ್ಲ ಎಂದು ಅವರೇ ಬರೆದಿಟ್ಟಿದ್ದಾರೆ.

430ರಲ್ಲಿ, ವ್ಯಾಂಡಲರ ಸೈನ್ಯ ಹಿಪ್ಪೋವನ್ನು ಮುತ್ತಿದ್ದಾಗ, ಅವರು ಪ್ರಭುವಿನಲ್ಲಿ ನಿದ್ರಿಸಿದರು.

ನಮ್ಮಲ್ಲಿ ವಾಚನ ಓದುವವರಿದ್ದಾರೆ, ಧರ್ಮೋಪದೇಶ ಕಲಿಸುವವರಿದ್ದಾರೆ, ಸಂಘದ ಸಭೆಗಳಲ್ಲಿ ಮಾತಾಡುವವರಿದ್ದಾರೆ. ಮಾತು ಮುಗಿದ ಮೇಲೆ ಚೆನ್ನಾಗಿತ್ತೇ ಎಂದು ಕೇಳುವ ಬದಲು, ಹಿಂದಿನ ಬೆಂಚಿನ ಅಜ್ಜಿಯನ್ನೋ ಒಂದು ಮಗುವನ್ನೋ ಕರೆದು ಏನು ನೆನಪಿದೆ ಎಂದು ಕೇಳೋಣ. ಬಂದ ಉತ್ತರದಿಂದ ಮುಂದಿನ ವಾರದ ಮಾತನ್ನು ತಿದ್ದಿಕೊಳ್ಳೋಣ. ಮಾತಿಗೆ ಮೊದಲು ಪ್ರಾರ್ಥಿಸಬೇಕೆಂಬ ಅಗಸ್ಟೀನರ ಬುದ್ಧಿಮಾತನ್ನೂ ಮರೆಯದಿರೋಣ.