ಧೂಮಕೇತುವಲ್ಲದ ಮಸುಕು: ಚಾರ್ಲ್ಸ್ ಮೆಸಿಯೆ

ಬೆಳ್ಳಾವಿಯಲ್ಲಿ ಬೋಧನಾಭ್ಯಾಸದಲ್ಲಿದ್ದಾಗ, ಜನವರಿಯ ಒಂದು ರಾತ್ರಿ ಒಂಬತ್ತನೇ ತರಗತಿಯ ಮಕ್ಕಳಿಗೆ ಆಕಾಶ ವೀಕ್ಷಣೆ ಏರ್ಪಡಿಸಿದ್ದೆ. ಕೃತ್ತಿಕೆ, ರೋಹಿಣಿಗಳನ್ನು ತೋರಿಸಿ ಬೈನಾಕ್ಯುಲರನ್ನು ಮಕ್ಕಳ ಕೈಗೆ ಕೊಟ್ಟೆ. ವೃಷಭದ ಕೊಂಬಿನ ತುದಿಯ ಬಳಿ ಏನೋ ಮಸುಕಾಗಿ ಕಾಣುತ್ತಿದೆ ಎಂದಳು ಒಬ್ಬ ಹುಡುಗಿ. ಮಸೂರದ ಮೇಲೆ ಇಬ್ಬನಿ ಕೂತಿರಬೇಕು ಎಂದು ಹೇಳಿ, ಒರೆಸಿ, ಮುಂದಿನವರಿಗೆ ಕೊಟ್ಟುಬಿಟ್ಟೆ. ನಾನು ಕಣ್ಣಿಟ್ಟು ನೋಡಲಿಲ್ಲ. ಮುಂದಿನ ಪಾಠಯೋಜನೆಗಾಗಿ ವಿಜ್ಞಾನಿಯೊಬ್ಬನ ಜೀವನವನ್ನು ಓದುತ್ತಿದ್ದಾಗ, ಅದೇ ಜಾಗದಲ್ಲಿ ಅಂಥದೇ ಮಸುಕನ್ನು ಕಂಡವನೊಬ್ಬ ಎದುರಾದ.

ಚಾರ್ಲ್ಸ್ ಮೆಸಿಯೆ ಹುಟ್ಟಿದ್ದು 1730ರ ಜೂನ್ 26ರಂದು, ಲೊರೇನ್ ಪ್ರಾಂತ್ಯದ ಬಾದೊನ್‌ವಿಲೆ ಎಂಬ ಊರಿನಲ್ಲಿ. ಹನ್ನೆರಡು ಮಕ್ಕಳಲ್ಲಿ ಹತ್ತನೆಯವನು. ಹನ್ನೊಂದು ವರ್ಷವಾಗುವಷ್ಟರಲ್ಲಿ ತಂದೆ ತೀರಿಕೊಂಡರು. 1744ರಲ್ಲಿ ಆರು ಬಾಲಗಳ ಧೂಮಕೇತುವೊಂದು ಆಕಾಶದಲ್ಲಿ ಕಾಣಿಸಿತು. ಹುಡುಗನಿಗೆ ಆಕಾಶದ ಹುಚ್ಚು ಹಿಡಿಯಿತು.

1751ರಲ್ಲಿ ಕೆಲಸ ಹುಡುಕಿಕೊಂಡು ಪ್ಯಾರಿಸ್‌ಗೆ ಬಂದ. ನೌಕಾಪಡೆಯ ಖಗೋಳಜ್ಞ ಡೆಲಿಲ್ ಅವನನ್ನು ಸೇರಿಸಿಕೊಂಡದ್ದು ಗಣಿತ ಬಲ್ಲವನೆಂದಲ್ಲ, ದುಂಡಾದ ಅಕ್ಷರ ಬರೆಯುತ್ತಾನೆಂದು. ನಕ್ಷೆ ನಕಲು ಮಾಡುವುದು, ಕಂಡದ್ದನ್ನು ತಪ್ಪದೆ ಬರೆದಿಡುವುದು ಅವನ ಕೆಲಸ. ದೂರದರ್ಶಕ ಹಿಡಿಯುವುದನ್ನು ಅಲ್ಲಿಯೇ ಕಲಿತ.

ಹ್ಯಾಲಿ ಮುನ್ಸೂಚಿಸಿದ್ದ ಧೂಮಕೇತು ಮರಳುವ ಕಾಲ ಹತ್ತಿರವಾಗಿತ್ತು. ಅದು ಎಲ್ಲಿ ಕಾಣಬಹುದೆಂದು ಡೆಲಿಲ್ ನಕ್ಷೆ ಬರೆದುಕೊಟ್ಟರು. ಗುರುವಿನ ನಕ್ಷೆಯನ್ನು ನಂಬಿ ಮೆಸಿಯೆ ತಿಂಗಳುಗಟ್ಟಲೆ ಹುಡುಕಿದ. ನಕ್ಷೆಯೇ ತಪ್ಪಾಗಿತ್ತು. 1758ರ ಡಿಸೆಂಬರ್ 25ರಂದು ಜರ್ಮನಿಯ ಪಾಲಿಚ್ ಎಂಬ ರೈತ ಅದನ್ನು ಮೊದಲು ಕಂಡ. ಆ ಸುದ್ದಿ ತಿಳಿಯದ ಮೆಸಿಯೆ 1759ರ ಜನವರಿ 21ರಂದು ತಾನೇ ಕಂಡುಕೊಂಡ. ಆದರೆ ಏಪ್ರಿಲ್‌ವರೆಗೆ ಅದನ್ನು ಯಾರಿಗೂ ತಿಳಿಸಲು ಗುರು ಬಿಡಲಿಲ್ಲ. ಶಿಕ್ಷಕರಾಗಲು ಹೊರಟ ನಾವು ಈ ಪ್ರಸಂಗವನ್ನು ಎರಡು ಸಲ ಓದಬೇಕು.

ಇದೇ ಹುಡುಕಾಟದ ನಡುವೆ, 1758ರ ಆಗಸ್ಟ್ 28ರಂದು, ಇನ್ನೊಂದು ಧೂಮಕೇತುವನ್ನು ಹಿಂಬಾಲಿಸುತ್ತಿದ್ದಾಗ ವೃಷಭದ ದಕ್ಷಿಣ ಕೊಂಬಿನ ತುದಿಯಲ್ಲಿ ಬಿಳಿಚಿದ ಮಸುಕೊಂದು ಕಂಡಿತು. ನೋಡಲು ಧೂಮಕೇತುವಿನಂತೆಯೇ ಇತ್ತು. ಆದರೆ ಧೂಮಕೇತು ದಿನದಿಂದ ದಿನಕ್ಕೆ ನಕ್ಷತ್ರಗಳ ನಡುವೆ ಸರಿಯುತ್ತದೆ. ಇದು ಸರಿಯಲಿಲ್ಲ. ತನಗೆ ಬೇಡದ್ದೆಂದು ಅವನು ಅದನ್ನು ಕೈಬಿಡಲಿಲ್ಲ. ಸೆಪ್ಟೆಂಬರ್ 12ರಂದು ಅದರ ಸ್ಥಾನವನ್ನು ಅಳೆದು ಬರೆದಿಟ್ಟ. ಬೇರೆಯವರು ಮೋಸಹೋಗಬಾರದೆಂದು ಇಂಥ ಮಸುಕುಗಳ ಪಟ್ಟಿ ಮಾಡಲು ಅದೇ ನಾಂದಿಯಾಯಿತು. 1774ರಲ್ಲಿ ಅಚ್ಚಾದ ಮೊದಲ ಪಟ್ಟಿಯಲ್ಲಿ 45, 1781ರ ಪಟ್ಟಿಯಲ್ಲಿ 103 ಕಾಯಗಳಿದ್ದವು. ಮೊದಲನೆಯದು ಈ ಮಸುಕು, ಅಂದರೆ ಎಂ1. ನಮ್ಮ ಕೃತ್ತಿಕೆ ಎಂ45. ಎಂ1 ಅನ್ನು ಇಂಗ್ಲೆಂಡಿನ ಬೆವಿಸ್ 1731ರಲ್ಲೇ ಕಂಡಿದ್ದರೆಂದು ಪತ್ರದಿಂದ ತಿಳಿದಾಗ ಅದನ್ನೂ ಪಟ್ಟಿಯಲ್ಲಿ ಒಪ್ಪಿಕೊಂಡ.

ಬದುಕು ಅವನಿಗೆ ಸುಲಭವಾಗಿರಲಿಲ್ಲ. 1772ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ಹೆಂಡತಿಯೂ ಮಗುವೂ ತೀರಿಕೊಂಡರು. 1781ರ ನವೆಂಬರ್‌ನಲ್ಲಿ ಮಂಜುಗಡ್ಡೆ ಕೂಡಿಡುವ ನೆಲಮಾಳಿಗೆಗೆ ಬಿದ್ದು ಕೈ, ತೊಡೆ, ಪಕ್ಕೆಲುಬು ಮುರಿದುಕೊಂಡು ಒಂದು ವರ್ಷ ಆಕಾಶದಿಂದ ದೂರವಿದ್ದ. ಫ್ರೆಂಚ್ ಕ್ರಾಂತಿಯಲ್ಲಿ ಸಂಬಳ ನಿಂತಿತು. ಅವನು ಕಂಡ ಧೂಮಕೇತುವಿನ ಪಥವನ್ನು ಸೆರೆಮನೆಯಲ್ಲಿ ಕುಳಿತು ಲೆಕ್ಕಹಾಕಿಕೊಟ್ಟ ಗೆಳೆಯ ಸರೋನ್‌ರನ್ನು 1794ರಲ್ಲಿ ಗಿಲೊಟಿನ್‌ಗೆ ಕೊಟ್ಟರು. ಆದರೂ ಮೆಸಿಯೆ ರಾತ್ರಿಯ ಕೆಲಸ ಬಿಡಲಿಲ್ಲ. 1817ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡಾಗ ಅವನಿಗೆ 86 ವರ್ಷ. ಆ ಮಸುಕು ಏನೆಂದು ಅವನಿಗೆ ಕೊನೆಗೂ ತಿಳಿಯಲಿಲ್ಲ.

ತಿಳಿದದ್ದು ಛಾಯಾಚಿತ್ರಗಳಿಂದ. 1840ರ ದಶಕದಲ್ಲಿ ಲಾರ್ಡ್ ರಾಸ್ ಬರೆದ ಚಿತ್ರದಿಂದ ಅದಕ್ಕೆ ಏಡಿ ನೀಹಾರಿಕೆ ಎಂಬ ಹೆಸರು ಬಂತು. 1892ರಲ್ಲಿ ಐಸಾಕ್ ರಾಬರ್ಟ್ಸ್ ಅದರ ಫೋಟೋ ತೆಗೆದ. 1921ರಲ್ಲಿ ಜಾನ್ ಡಂಕನ್ ಹನ್ನೊಂದು ವರ್ಷಗಳಿಗೂ ಹೆಚ್ಚು ಅಂತರದ ಎರಡು ಫೋಟೋಗಳನ್ನು ಹೋಲಿಸಿದಾಗ ನೀಹಾರಿಕೆ ಹಿಗ್ಗುತ್ತಿರುವುದು ಕಂಡಿತು. ಹಿಗ್ಗುವ ವೇಗವನ್ನು ಹಿಂದಕ್ಕೆ ಲೆಕ್ಕಹಾಕಿದರೆ ಸುಮಾರು 900 ವರ್ಷ. 1054ರಲ್ಲಿ ಚೀನಾದ ವೀಕ್ಷಕರು ಅದೇ ದಿಕ್ಕಿನಲ್ಲಿ ಹಗಲಲ್ಲೂ 23 ದಿನ ಕಾಣುವ ಹೊಸ ನಕ್ಷತ್ರವನ್ನು ದಾಖಲಿಸಿದ್ದರು. ಎರಡೂ ಕೂಡಿದವು: ಅದು ಸಿಡಿದ ನಕ್ಷತ್ರದ ಅವಶೇಷ, ಸೂಪರ್‌ನೋವಾದ ಉಳಿಕೆ. ಇಂದು ನಮ್ಮ ಹೊಸಕೋಟೆಯಲ್ಲಿ ಕುಳಿತೇ ಖಗೋಳಜ್ಞರು ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ನಡೆಸಿ ಸೂಪರ್‌ನೋವಾಗಳ ಚಿತ್ರ ತೆಗೆಯುತ್ತಾರೆ.

ಮರುವಾರ ತರಗತಿಯಲ್ಲಿ ಈ ಜೀವನವನ್ನು ಹೇಳಿದೆ. ಅದಕ್ಕೆ ಮೊದಲು, ಅಂದು ನೋಡದೆಯೇ ಉತ್ತರ ಕೊಟ್ಟಿದ್ದೆನೆಂದು ಆ ಹುಡುಗಿಯ ಮುಂದೆ ಒಪ್ಪಿಕೊಂಡೆ. ಅವಳು ಕಂಡದ್ದು ಇಬ್ಬನಿಯೋ ನೀಹಾರಿಕೆಯೋ ಈಗ ಹೇಳಲಾಗದು. ಕತ್ತಲ ಆಕಾಶದಲ್ಲಿ ಬೈನಾಕ್ಯುಲರ್‌ಗೆ ಅದು ಸಿಗಬಲ್ಲದು, ಆದರೆ ಪುಸ್ತಕದ ಬಣ್ಣದ ಫೋಟೋದಂತಲ್ಲ. ಬೂದುಬಣ್ಣದ ಚುಕ್ಕೆಯಾಗಿ ಮಾತ್ರ. ಪರೀಕ್ಷಿಸುವ ದಾರಿ ಮೆಸಿಯೆಯದೇ: ಸುತ್ತಲ ನಕ್ಷತ್ರಗಳೊಂದಿಗೆ ಚಿತ್ರ ಬರೆದು, ಇನ್ನೊಂದು ರಾತ್ರಿ ಮತ್ತೆ ಬರೆದು, ಹೋಲಿಸುವುದು. ಮಕ್ಕಳ ವೀಕ್ಷಣಾ ಪುಸ್ತಕದಲ್ಲಿ ಈಗ ಒಂದು ಅಂಕಣ ಸೇರಿಸಿದ್ದೇವೆ: ಕಂಡಿತು, ಏನೆಂದು ತಿಳಿಯಲಿಲ್ಲ. ಅದರ ಮೊದಲ ಸಾಲನ್ನು ತುಂಬಿದವಳು ಅವಳೇ.