ನಾಯಿಯನ್ನು ಬೇಡಿದ ವೀರ: ಆತಕೂರಿನ ಮಣಲೇರ

ಶ್ರೀರಂಗಪಟ್ಟಣ ಎಂದೊಡನೆ ಕರಾವಳಿಯ ಕಥೋಲಿಕರಾದ ನಮಗೆ ನೆನಪಾಗುವುದು ಸೆರೆ. 1784ರಲ್ಲಿ ನಮ್ಮ ಪೂರ್ವಜರು ಘಟ್ಟ ಹತ್ತಿ ನಡೆದದ್ದು ಆ ಊರಿಗೆ. ಉಳಿದವರು ಬಿಡುಗಡೆ ಕಂಡದ್ದು 1799ರಲ್ಲಿ. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಮದ್ದೂರು ಇರುವ ಇಂದಿನ ಮಂಡ್ಯ ಜಿಲ್ಲೆಯ ಆ ನೆಲಕ್ಕೆ ಅದಕ್ಕಿಂತ ಬಹಳ ಹಳೆಯ ಕಥೆಗಳೂ ಇವೆ. ಅವುಗಳಲ್ಲಿ ಒಂದು ಒಬ್ಬ ವೀರನದು ಮತ್ತು ಅವನ ನಾಯಿಯದು. ವೀರನ ಹೆಸರು ಮಣಲೇರ, ನಾಯಿಯ ಹೆಸರು ಕಾಳಿ.

ಸಾಕುಪ್ರಾಣಿಗಳನ್ನು ಮನೆಮಕ್ಕಳಂತೆ ಕಾಣುವ ಬಗ್ಗೆ ಇತ್ತೀಚಿನ ವರ್ಷಗಳಲ್ಲಿ ಬಹಳ ಮಾತು ಕೇಳಿಬರುತ್ತಿದೆ. ಆದ್ದರಿಂದ ಸಾವಿರ ವರ್ಷಕ್ಕೂ ಹಿಂದಿನ ಈ ಮನುಷ್ಯನ ಬದುಕನ್ನು ಒಮ್ಮೆ ನೋಡುವುದು ಒಳ್ಳೆಯದು.

ಗಂಗರ ಕಾಲ

ಆಗ ಈ ಪ್ರದೇಶವನ್ನು ಆಳುತ್ತಿದ್ದವರು ತಲಕಾಡಿನ ಗಂಗರು. ನಾಗಮಂಗಲ ತಾಲೂಕಿನ ದೇವರಹಳ್ಳಿಯಲ್ಲಿ ದೊರೆತ, ಎಂಟನೆಯ ಶತಮಾನದ ಶ್ರೀಪುರುಷನ ತಾಮ್ರಶಾಸನ ಇದೇ ವಂಶದ್ದು. ಹತ್ತನೆಯ ಶತಮಾನದಲ್ಲಿ ಇಮ್ಮಡಿ ಬೂತುಗ ತನ್ನ ಅಣ್ಣ ರಾಚಮಲ್ಲನನ್ನು ಕೊಂದು ಪಟ್ಟಕ್ಕೆ ಬಂದನು. ಅವನಿಗೆ ಬೆಂಬಲವಾಗಿ ನಿಂತವನು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ. ಕೃಷ್ಣನ ಅಕ್ಕ ರೇವಕನಿಮ್ಮಡಿ ಬೂತುಗನ ಪತ್ನಿ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಮಂತ್ರಿಯಾಗಿದ್ದದ್ದು ಇದೇ ಬೂತುಗನ ಮಗ ಮಾರಸಿಂಹನ ಕಾಲದಲ್ಲಿ.

ಮಣಲೇರ ಈ ಬೂತುಗನ ಸೇವೆಯಲ್ಲಿದ್ದ ಯೋಧ. ಸಗರ ವಂಶದವನೆಂದೂ ವಲಭಿ ಪುರದ ಒಡೆಯನೆಂದೂ ಬಿರುದು ಹೊತ್ತವನು. ಅವನ ಬಾಲ್ಯ, ಮದುವೆ, ಮಕ್ಕಳು, ಮರಣ ಯಾವುದನ್ನೂ ಶಾಸನ ಹೇಳುವುದಿಲ್ಲ. ಅದು ಕೊಡುವುದು ಅವನ ಬದುಕಿನ ಒಂದು ಸಣ್ಣ ತುಣುಕನ್ನು ಮಾತ್ರ. ಆ ತುಣುಕೇ ಅವನನ್ನು ಕರ್ನಾಟಕದ ಇತಿಹಾಸದಲ್ಲಿ ಉಳಿಸಿತು.

ತಕ್ಕೋಲದ ಯುದ್ಧ

949ರಲ್ಲಿ ಇಂದಿನ ತಮಿಳುನಾಡಿನ ಅರಕ್ಕೋಣಂ ಬಳಿಯ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಯುದ್ಧ ನಡೆಯಿತು. ಚೋಳ ಸೈನ್ಯದ ಮುಂದಾಳು ರಾಜಕುಮಾರ ರಾಜಾದಿತ್ಯ ಆನೆಯ ಮೇಲೆಯೇ ಹತನಾದನು. ಅವನನ್ನು ಕೊಂದವನು ಬೂತುಗ. ಸಂತೋಷಗೊಂಡ ಚಕ್ರವರ್ತಿ ಕೃಷ್ಣ ಬೂತುಗನಿಗೆ ಬನವಾಸಿ, ಬೆಳ್ವೊಲ, ಪುಲಿಗೆರೆ ಮೊದಲಾದ ನಾಡುಗಳನ್ನು ಕೊಟ್ಟನು.

ಆ ಯುದ್ಧದಲ್ಲಿ ಇತರರು ಹಿಂಜರಿದು ನಿಂತಾಗ ಮಣಲೇರ ಮುನ್ನುಗ್ಗಿ ಚೋಳರ ಪಡೆಯನ್ನು ಎದುರಿಸಿದನು. ಬೂತುಗನು ಮೆಚ್ಚಿ, ಬೇಕಾದದ್ದನ್ನು ಬೇಡಿಕೊಳ್ಳಲು ಹೇಳಿದನು.

ಪ್ರಿಯ ಓದುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಗೆದ್ದ ಅರಸನ ಎದುರು ನಿಂತ ಯೋಧ ಏನನ್ನು ಬೇಡಬಹುದಿತ್ತು? ಊರು, ಹೊನ್ನು, ಕುದುರೆ, ಅಧಿಕಾರ. ಮಣಲೇರ ಬೇಡಿದ್ದು ಅರಸನ ಬೇಟೆನಾಯಿ ಕಾಳಿಯನ್ನು. ಬೂತುಗ ಅದನ್ನು ಕೊಟ್ಟನು. ವೀರನಿಗೆ ಕತ್ತಿ ತೊಳೆದು ಕೊಡುವ ಭೂಮಿಗೆ ಆಗ ಬಾಳ್ಗಳ್ಚು ಎಂಬ ಹೆಸರಿತ್ತು. ಆ ರೀತಿಯಲ್ಲಿ ಆತಕೂರು ಹನ್ನೆರಡೂ ಅವನಿಗೆ ಬಂದಿತು. ಊರು ಅರಸ ತಾನಾಗಿ ಕೊಟ್ಟದ್ದು. ನಾಯಿ ಮಾತ್ರ ಅವನು ಬಾಯಿಬಿಟ್ಟು ಕೇಳಿದ್ದು.

ಬೆಳತೂರಿನ ದಿಣ್ಣೆಯಲ್ಲಿ

ಕೆಳಲೆನಾಡಿನ ಬೆಳತೂರಿನ ಪಶ್ಚಿಮಕ್ಕೆ ಒಂದು ದಿಣ್ಣೆ. ಅಲ್ಲಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಕಾಳಿಯನ್ನು ಬಿಡಲಾಯಿತು. ಹಂದಿಯೂ ನಾಯಿಯೂ ಕಾದಾಡಿ ಎರಡೂ ಒಟ್ಟಿಗೆ ಸತ್ತವು.

ಮಣಲೇರ ಅತ್ತನೇ? ಬೇಡಿ ತಂದ ನಾಯಿಯನ್ನು ಸಾವಿನ ಬಾಯಿಗೆ ಬಿಟ್ಟೆನಲ್ಲಾ ಎಂದು ಮರುಗಿದನೇ? ಶಾಸನ ಮನಸ್ಸಿನ ಮಾತು ಹೇಳುವುದಿಲ್ಲ, ನಡೆದ ಕೆಲಸವನ್ನು ಹೇಳುತ್ತದೆ. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗಾಗಿ ಒಂದು ಕಲ್ಲು ನೆಡಲಾಯಿತು. ನಾಯಿಯೂ ಹಂದಿಯೂ ಎದುರುಬದುರಾಗಿ ಹೋರಾಡುವ ಚಿತ್ರವನ್ನು ಅದರಲ್ಲಿ ಕೆತ್ತಲಾಯಿತು. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಡಲಾಯಿತು. ನಮ್ಮ ಕರಾವಳಿಯಲ್ಲಿ ಹಿರಿಯರು ಇಷ್ಟು ಮುಡಿ ಗದ್ದೆ ಎನ್ನುವ ಹಾಗೆ ಇದು ಆ ಕಾಲದ ಲೆಕ್ಕ. ಗುಡಿ ನೋಡಿಕೊಳ್ಳುವ ಗೊರವರು ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ನಾಯಿ ಮಾಡಿದ ಪಾಪ ಅವರಿಗೆ ತಟ್ಟಲಿ ಎಂಬ ಎಚ್ಚರಿಕೆಯನ್ನೂ ಬರೆಯಲಾಯಿತು. ಶಾಸನದ ಕಾಲ ಶಕವರ್ಷ 872, ಅಂದರೆ ಕ್ರಿ.ಶ. 949-50.

ಆತಕೂರು ಇಂದು ಮದ್ದೂರು ತಾಲೂಕಿನ ಒಂದು ಹಳ್ಳಿ. ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಒಂದು ವಿಚಿತ್ರವನ್ನು ಗಮನಿಸಿ: ತಕ್ಕೋಲದ ಮಹಾಯುದ್ಧದ ಬಗ್ಗೆ ಇತಿಹಾಸಕಾರರಿಗೆ ಸಿಕ್ಕಿರುವ ಮುಖ್ಯ ಆಧಾರಗಳಲ್ಲಿ ಈ ಕಲ್ಲೂ ಒಂದು. ಚಕ್ರವರ್ತಿಯ ಜಯ, ಗಂಗರಸನ ಪರಾಕ್ರಮ, ಚೋಳ ರಾಜಕುಮಾರನ ಸಾವು ಎಲ್ಲವೂ ಉಳಿದಿರುವುದು ಒಂದು ನಾಯಿಯ ಸ್ಮಾರಕದ ಮೇಲೆ.

ನಮಗೆ ಇದರಲ್ಲಿ ಏನಿದೆ?

ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಗಲ್ಫ್‌ನಲ್ಲೋ ಕೆನಡಾದಲ್ಲೋ ಇದ್ದಾರೆ. ಮನೆಯಲ್ಲಿ ವಯಸ್ಸಾದ ತಂದೆತಾಯಿ ಮತ್ತು ಒಂದು ನಾಯಿ. ಸಂಜೆ ಗೇಟಿನ ಶಬ್ದಕ್ಕೆ ಬಾಲ ಅಲ್ಲಾಡಿಸಿ ಓಡಿ ಬರುವ ಜೀವ ಅದೊಂದೇ. ಅದು ಸತ್ತಾಗ ಅವರು ಅಳುತ್ತಾರೆ. ಅಳುವುದನ್ನು ಕಂಡು ಕೆಲವರು ನಗುತ್ತಾರೆ. ನಗಬಾರದು. ಯುದ್ಧಭೂಮಿಯಲ್ಲಿ ಹಿಂಜರಿಯದ ವೀರನ ನಾಯಿಗೆ ಕಲ್ಲು ನೆಟ್ಟ ನಾಡು ಇದು. ಆ ದುಃಖ ನಿಜವಾದ ದುಃಖ.

ಆದರೆ ಇನ್ನೊಂದು ಮುಖವೂ ಇದೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ 2416ರಿಂದ 2418ರವರೆಗಿನ ಪರಿಚ್ಛೇದಗಳಲ್ಲಿ ಈ ವಿಷಯವನ್ನು ತೂಗಿ ನೋಡುತ್ತದೆ. ಪ್ರಾಣಿಗಳು ದೇವರ ಸೃಷ್ಟಿ, ಅವುಗಳಿಗೆ ದಯೆ ತೋರುವುದು ನಮ್ಮ ಸಾಲ. ಅವುಗಳನ್ನು ಪ್ರೀತಿಸಬಹುದು; ಆದರೆ ಮನುಷ್ಯರಿಗೆ ಮಾತ್ರ ಸಲ್ಲಬೇಕಾದ ಪ್ರೀತಿಯನ್ನು ಅವುಗಳಿಗೆ ಕೊಡಬಾರದು, ಬಡವರ ಕಷ್ಟಕ್ಕೆ ಮೊದಲು ಹೋಗಬೇಕಾದ ಹಣವನ್ನು ಅವುಗಳ ಮೇಲೆ ಸುರಿಯಬಾರದು. 2022ರ ಜನವರಿ 5ರಂದು ಪೋಪ್ ಫ್ರಾನ್ಸಿಸ್ ಅವರು ಮಕ್ಕಳ ಬದಲಿಗೆ ನಾಯಿ ಬೆಕ್ಕುಗಳನ್ನು ಇಟ್ಟುಕೊಳ್ಳುವ ದಂಪತಿಗಳ ಬಗ್ಗೆ ಹೇಳಿದ ಮಾತು ಅನೇಕರಿಗೆ ಕಹಿಯಾಯಿತು. ಅವರು ದೂರಿದ್ದು ನಾಯಿಯನ್ನಲ್ಲ, ಮನುಷ್ಯ ಸಂಬಂಧದ ಹೊರೆಯಿಂದ ನುಣುಚಿಕೊಳ್ಳುವುದನ್ನು.

ಆತಕೂರಿನ ಕಲ್ಲಿನ ಪೂಜೆ ನಮ್ಮ ವಿಶ್ವಾಸದ ದಾರಿಯಲ್ಲ. ಆದರೂ ಆ ಕಲ್ಲಿನಲ್ಲಿ ಒಂದು ಪ್ರಾಮಾಣಿಕತೆ ಇದೆ. ಅದು ಕಾಳಿಯನ್ನು ಮಗ ಎಂದೋ ಮಗಳು ಎಂದೋ ಕರೆಯುವುದಿಲ್ಲ, ಮನುಷ್ಯರ ಬಟ್ಟೆ ತೊಡಿಸುವುದಿಲ್ಲ. ನಾಯಿಯನ್ನು ನಾಯಿಯಾಗಿಯೇ ಕೆತ್ತಿ, ಅದು ಮಾಡಿದ ಕೆಲಸಕ್ಕಾಗಿ ಗೌರವಿಸುತ್ತದೆ. ಇಂದು ಮರಿಯಾಗಿದ್ದಾಗ ಕೇಕು ಕತ್ತರಿಸಿ ಹುಟ್ಟುಹಬ್ಬ ಮಾಡಿ, ಮುದಿಯಾಗಿ ಹುಣ್ಣಾದಾಗ ಮಾರ್ಕೆಟ್ ಬಳಿ ಬಿಟ್ಟುಬರುವವರೂ ಇದ್ದಾರೆ. ಮಗು ಎಂದು ಕರೆದದ್ದು ಅಲ್ಲಿ ಬರೀ ಬಾಯಿಮಾತಾಯಿತು.

ನಿಮ್ಮ ವಾಳೆಯಲ್ಲಿ ನಾಯಿಯೊಂದಿಗೆ ಒಂಟಿಯಾಗಿರುವ ಹಿರಿಯರು ಇದ್ದರೆ ಈ ವಾರ ಒಮ್ಮೆ ಅವರ ಮನೆಗೆ ಹೋಗಿ ಬನ್ನಿ. ನಾಯಿಯ ತಲೆ ಸವರಿ. ನಂತರ ಕುಳಿತು ಅವರೊಡನೆ ಅರ್ಧ ಗಂಟೆ ಮಾತನಾಡಿ. ನಾಯಿ ಕೊಡಲಾಗದ್ದನ್ನು ಕೊಡಬೇಕಾದವರು ನಾವೇ.