ಜೂರಾ ದ್ವೀಪದ ಒಂಟಿ ಮನೆ

ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನಲ್ಲಿರುವ ಜೂರಾ ದ್ವೀಪದಲ್ಲಿ ಕೆಲವು ವರ್ಷಗಳ ಹಿಂದೆ ಒಂದು ವಾರದ ಮಟ್ಟಿಗೆ ನಾವು ಸಣ್ಣದೊಂದು ಮನೆಯನ್ನು ಬಾಡಿಗೆಗೆ ಹಿಡಿದಿದ್ದೆವು. ಒಲೆ, ಪಾತ್ರೆ, ಹಾಸಿಗೆ, ಹೊದಿಕೆ ಎಲ್ಲವೂ ಅಲ್ಲಿದ್ದವು. ಊಟ ಮಾತ್ರ ಇರಲಿಲ್ಲ. ಇಂಥ ಮನೆಗಳ ನಿಯಮವೇ ಅದು. ಬೀಗದ ಕೈ ಒಪ್ಪಿಸಿದ ಮೇಲೆ ಅಡುಗೆಯೂ ನಮ್ಮದೇ, ಕಸವೂ ನಮ್ಮದೇ. ಅಕ್ಕಿ, ಬೇಳೆ, ಸಾರಿನ ಪುಡಿಗಳನ್ನು ಗ್ಲಾಸ್ಗೋದಲ್ಲಿರುವ ಮಗಳ ಮನೆಯಿಂದಲೇ ಕಟ್ಟಿಕೊಂಡು ಹೊರಟೆವು. ಕೆನಕ್ರೇಗ್‌ನಿಂದ ಐಲಾ ದ್ವೀಪಕ್ಕೆ ಎರಡು ಗಂಟೆಯ ಹಡಗಿನ ಪಯಣ, ಅಲ್ಲಿಂದ ಜೂರಾಕ್ಕೆ ಐದು ನಿಮಿಷದ ಇನ್ನೊಂದು ದಾಟು.

ಸುಮಾರು ಮೂವತ್ತು ಮೈಲಿ ಉದ್ದದ ಈ ದ್ವೀಪದಲ್ಲಿ 2011ರ ಜನಗಣತಿಯಂತೆ ಇದ್ದವರು 196 ಮಂದಿ. ಜಿಂಕೆಗಳು ಮಾತ್ರ ಐದು ಸಾವಿರಕ್ಕೂ ಹೆಚ್ಚು. ಪೂರ್ವ ದಂಡೆಯ ಗುಂಟ ಸಾಗುವ ರಸ್ತೆ ಒಂದೇ; ಎದುರಿನಿಂದ ವಾಹನ ಬಂದರೆ ಯಾರಾದರೊಬ್ಬರು ಅಂಚಿಗೆ ಸರಿದು ನಿಲ್ಲಲೇಬೇಕು. ಕ್ರೇಗ್‌ಹೌಸ್ ಎಂಬ ಪುಟ್ಟ ಊರನ್ನು ದಾಟಿ ಉತ್ತರಕ್ಕೆ ಹೋದಂತೆಲ್ಲ ಮನೆಗಳು ವಿರಳವಾಗುತ್ತವೆ. ಸಾರ್ವಜನಿಕ ರಸ್ತೆ ಮುಗಿದ ಮೇಲೆ ಕಲ್ಲುಹಾದಿಯಲ್ಲಿ ನಾಲ್ಕು ಮೈಲಿ ನಡೆದರೆ ಕಡಲಿಗೆ ಮುಖ ಮಾಡಿ ನಿಂತ ಬಿಳಿಯ ಮನೆಯೊಂದು ಕಾಣುತ್ತದೆ. ಅದರ ಹೆಸರು ಬಾರ್ನ್‌ಹಿಲ್. ಜಾರ್ಜ್ ಆರ್ವೆಲ್ ತನ್ನ ಕೊನೆಯ ಕಾದಂಬರಿಯನ್ನು ಬರೆದದ್ದು ಅಲ್ಲಿ. ಆ ಮನೆಯನ್ನೂ ಪ್ರವಾಸಿಗರಿಗೆ ವಾರದ ಬಾಡಿಗೆಗೆ ಕೊಡುತ್ತ ಬಂದಿದ್ದಾರೆ. ನಾವು ಉಳಿದದ್ದು ಅಲ್ಲಿಂದ ಬಹು ದೂರದ ಬೇರೊಂದು ಮನೆಯಲ್ಲಿ. ಆದರೂ ಬಾರ್ನ್‌ಹಿಲ್‌ವರೆಗೆ ಒಮ್ಮೆ ನಡೆದು ಬರಬೇಕೆಂಬುದು ನನ್ನ ಹಠವಾಗಿತ್ತು. ತುರ್ತು ಪರಿಸ್ಥಿತಿಯ ದಿನಗಳಲ್ಲಿ ಕಾಲೇಜು ವಿದ್ಯಾರ್ಥಿಯಾಗಿ ಆ ಕಾದಂಬರಿಯನ್ನು ಓದಿದವನು ನಾನು; ಆ ಋಣ ಸಣ್ಣದಲ್ಲ.

ಆರ್ವೆಲ್‌ನ ಕೊನೆಯ ದಿನಗಳ ಬಗ್ಗೆ ಒಂದು ಚಿತ್ರ ಬಹಳ ಕಾಲದಿಂದ ಪ್ರಚಾರದಲ್ಲಿದೆ. ಹೆಂಡತಿಯನ್ನು ಕಳೆದುಕೊಂಡ ಕ್ಷಯರೋಗಿಯೊಬ್ಬ ಲೋಕದ ಮೇಲೆ ಮುನಿದು, ಸಾಯುವುದಕ್ಕೆಂದೇ ದೂರದ ದ್ವೀಪಕ್ಕೆ ಹೋದ. ಅಲ್ಲಿನ ಚಳಿ, ಮಳೆ, ಏಕಾಂತಗಳು ಆತನ ಕಾದಂಬರಿಗೆ ಕರಾಳ ಬಣ್ಣ ಬಳಿದವು ಎಂಬುದು ಅದರ ಸಾರಾಂಶ. ನಾನೂ ಇದನ್ನು ನಂಬಿದ್ದೆ. ಆತನ ಬದುಕಿನ ವಿವರಗಳನ್ನು ಆ ದ್ವೀಪದಲ್ಲಿ ಕೂತು ಮತ್ತೆ ಓದಿದಾಗ ಈ ಚಿತ್ರ ನಿಲ್ಲುವುದಿಲ್ಲ ಎನಿಸಿತು.

ಆತನ ನಿಜನಾಮ ಎರಿಕ್ ಆರ್ಥರ್ ಬ್ಲೇರ್. ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ, 1903ರ ಜೂನ್ 25ರಂದು. ತಂದೆ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯ ಅಧಿಕಾರಿ. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ತಾಯಿ ಇಂಗ್ಲೆಂಡಿಗೆ ಕರೆದೊಯ್ದಳು. ಈಟನ್‌ನ ಪ್ರತಿಷ್ಠಿತ ಶಾಲೆಯಲ್ಲಿ ಓದಿದರೂ ವಿಶ್ವವಿದ್ಯಾಲಯಕ್ಕೆ ಹೋಗದೆ, 1922ರಲ್ಲಿ ಆಗ ಬ್ರಿಟಿಷ್ ಇಂಡಿಯಾದ ಭಾಗವಾಗಿದ್ದ ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾದ. ಐದು ವರ್ಷಗಳ ಬಳಿಕ ಸಾಮ್ರಾಜ್ಯದ ಚಾಕರಿ ಸಾಕೆಂದು ಬಿಟ್ಟು ಬಂದ. ಬಡವರ ನಡುವೆ ಅಲೆದು ಬರೆದ. ಸ್ಪೇನ್‌ನ ಅಂತರ್ಯುದ್ಧಕ್ಕೆ ಹೋಗಿ 1937ರಲ್ಲಿ ಕುತ್ತಿಗೆಗೆ ಗುಂಡೇಟು ತಿಂದು ಬದುಕಿ ಬಂದ. ಎರಡನೆಯ ಮಹಾಯುದ್ಧದ ನಡುವೆ, 1941ರಿಂದ 1943ರವರೆಗೆ, ಬಿಬಿಸಿಯಿಂದ ಭಾರತಕ್ಕೆ ಪ್ರಸಾರವಾಗುತ್ತಿದ್ದ ಕಾರ್ಯಕ್ರಮಗಳ ಹೊಣೆ ಹೊತ್ತ. ಮುಲ್ಕ್ ರಾಜ್ ಆನಂದ್ ಮೊದಲಾದವರು ಅಲ್ಲಿ ಆತನ ಒಡನಾಡಿಗಳು. ಪ್ರಚಾರಕ್ಕಾಗಿ ಮಾತನ್ನು ಹೇಗೆ ತಿರುಚಲಾಗುತ್ತದೆ ಎಂಬುದನ್ನು ಆತ ಒಳಗಿನಿಂದಲೇ ಕಂಡ. ಪತ್ನಿ ಐಲೀನ್ ಅದೇ ಯುದ್ಧಕಾಲದಲ್ಲಿ ಸರ್ಕಾರದ ಸೆನ್ಸಾರ್ ವಿಭಾಗದಲ್ಲಿ ದುಡಿದಿದ್ದಳು. ಕಾದಂಬರಿಯ ಸತ್ಯ ಸಚಿವಾಲಯ ಮೊಳೆತದ್ದು ಲಂಡನ್ನಿನ ಈ ಕಚೇರಿಗಳ ಅನುಭವದಿಂದ, ಜೂರಾದ ಮಂಜಿನಿಂದಲ್ಲ.

ಜೂರಾಕ್ಕೆ ಹೋಗುವ ಯೋಚನೆಯೂ ಹತಾಶೆಯ ಫಲವಾಗಿರಲಿಲ್ಲ. 1944ರಲ್ಲಿ ದಂಪತಿ ರಿಚರ್ಡ್ ಎಂಬ ಹಸುಗೂಸನ್ನು ದತ್ತು ತೆಗೆದುಕೊಂಡಿದ್ದರು. ಅದೇ ಬೇಸಿಗೆಯಲ್ಲಿ ಲಂಡನ್ನಿನ ಅವರ ಮನೆ ಜರ್ಮನ್ ಬಾಂಬಿಗೆ ಹಾಳಾಯಿತು. ಊರು ಬಿಟ್ಟು ಹಳ್ಳಿಯಲ್ಲಿ ಮಗುವನ್ನು ಬೆಳೆಸಬೇಕೆಂಬ ಹಂಬಲ ಐಲೀನಳಿಗೂ ಇತ್ತು. ಗೆಳೆಯ ಡೇವಿಡ್ ಆಸ್ಟರ್‌ನ ಕುಟುಂಬಕ್ಕೆ ಜೂರಾದಲ್ಲಿ ಜಮೀನಿದ್ದುದರಿಂದ ದ್ವೀಪದ ಪರಿಚಯವಾಗಿತ್ತು. ಬಾರ್ನ್‌ಹಿಲ್‌ನಲ್ಲಿ ನೆಲೆಸುವ ವಿಚಾರವನ್ನು ಗಂಡಹೆಂಡಿರು ಒಟ್ಟಾಗಿಯೇ ಚರ್ಚಿಸುತ್ತಿದ್ದರು. ಅಷ್ಟರಲ್ಲಿ, 1945ರ ಮಾರ್ಚ್ 29ರಂದು, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಐಲೀನ್ ತೀರಿಕೊಂಡಳು. ಯುದ್ಧ ವರದಿಗೆಂದು ಯುರೋಪಿಗೆ ಹೋಗಿದ್ದ ಗಂಡ ಆಗ ಬಳಿಯಲ್ಲಿರಲಿಲ್ಲ. ಅದೇ ಆಗಸ್ಟ್‌ನಲ್ಲಿ ‘ಅನಿಮಲ್ ಫಾರ್ಮ್’ ಹೊರಬಂದು ಕೀರ್ತಿ ತಂದಿತು. ಜೊತೆಗೆ ಲೇಖನಗಳಿಗಾಗಿ ಬಿಡುವಿಲ್ಲದ ಬೇಡಿಕೆಯನ್ನೂ ತಂದಿತು. 1946ರ ಮೇ ತಿಂಗಳಲ್ಲಿ ಆತ ಬಾರ್ನ್‌ಹಿಲ್‌ಗೆ ಬಂದು ಇಳಿದದ್ದು, ಇಬ್ಬರೂ ಕಂಡಿದ್ದ ಕನಸನ್ನು ಒಬ್ಬನೇ ನಡೆಸಿಕೊಡಲು.

ಆಗ ಲಂಡನ್ನಿನಿಂದ ಅಲ್ಲಿಗೆ ತಲುಪಲು ಎರಡು ದಿನ ಬೇಕಿತ್ತು. ವಿದ್ಯುತ್ ಇರಲಿಲ್ಲ, ದೂರವಾಣಿ ಇರಲಿಲ್ಲ. ಪದೇ ಪದೇ ಕೆಡುವ ಮೋಟಾರ್ ಸೈಕಲ್ ಒಂದಿತ್ತು. ಯುದ್ಧ ಮುಗಿದರೂ ಬ್ರಿಟನ್ನಿನಲ್ಲಿ ಪಡಿತರ ಮುಗಿದಿರಲಿಲ್ಲ. ಆತ ನೆಲ ಅಗೆದು ತರಕಾರಿ ಬೆಳೆದ, ಹಣ್ಣಿನ ಗಿಡ ನೆಟ್ಟ, ಕೋಳಿ ಸಾಕಿದ, ಮೀನು ಮತ್ತು ಸಿಗಡಿ ಹಿಡಿದ, ಮೊಲ ಹೊಡೆದ. ಆ ದಿನಗಳ ದಿನಚರಿಯಲ್ಲಿ ರಾಜಕೀಯಕ್ಕಿಂತ ಹೆಚ್ಚಾಗಿ ಮೊಟ್ಟೆಯ ಲೆಕ್ಕ, ಗಾಳಿಯ ದಿಕ್ಕು, ಗಿಡಗಳ ಚಿಗುರು ಇವೇ ತುಂಬಿವೆ. ಹಣ್ಣಿನ ಗಿಡ ಫಲ ಕೊಡಲು ವರ್ಷಗಳು ಬೇಕು. ಸಾಯಲು ಬಂದವನು ಅದನ್ನು ನೆಡುವುದಿಲ್ಲ.

ಆತ ಒಂಟಿಯೂ ಆಗಿರಲಿಲ್ಲ. ತಂಗಿ ಏವ್ರಿಲ್ ಬೇಗನೆ ಬಂದು ಸೇರಿಕೊಂಡಳು. ಎರಡು ವರ್ಷದ ರಿಚರ್ಡ್ ಬಂದ. ನೆಂಟರು, ಗೆಳೆಯರು ಬಂದು ಹೋಗುತ್ತಿದ್ದರು. ಒಲೆ ಹೊತ್ತಿಸುವುದು, ಬ್ರೆಡ್ ಸುಡುವುದು, ಬಂದವರಿಗೆ ಬಡಿಸುವುದು, ಮಗುವನ್ನು ನೋಡಿಕೊಳ್ಳುವುದು ಬಹುಮಟ್ಟಿಗೆ ಏವ್ರಿಲ್‌ಳ ಪಾಲಿನ ಕೆಲಸ. ಅಣ್ಣ ಮಹಡಿಯ ಕೋಣೆಯಲ್ಲಿ ಸೀಮೆಎಣ್ಣೆ ಹೀಟರಿನ ಹೊಗೆಯ ನಡುವೆ, ಕೈಯಲ್ಲೇ ಸುರುಳಿ ಸುತ್ತಿದ ಸಿಗರೇಟು ಸೇದುತ್ತ ಬರೆಯುತ್ತಿದ್ದ. ಲೇಖಕನ ಏಕಾಂತ ಎಂದು ನಾವು ಕೊಂಡಾಡುವುದರ ಕೆಳಗಿನ ಅಂತಸ್ತಿನಲ್ಲಿ ಯಾರೋ ಒಬ್ಬರು ಅಡುಗೆ ಮಾಡುತ್ತಿರುತ್ತಾರೆ. ಈ ಮಾತನ್ನು ಬರೆಯುವಾಗ ನನಗೂ ಸಂಕೋಚವಾಗುತ್ತದೆ. ಆ ವಾರವಿಡೀ ನಾನು ಕಿಟಕಿಯ ಪಕ್ಕ ಕೂತು ಓದಿದೆ. ಪರದೇಶದ ಅಪರಿಚಿತ ಒಲೆಯ ಮುಂದೆ ನಿಂತವಳು ನನ್ನ ಹೆಂಡತಿ.

1947ರ ಆಗಸ್ಟ್‌ನಲ್ಲಿ ಆ ಬದುಕು ಕಡಲ ಪಾಲಾಗುವುದರಲ್ಲಿತ್ತು. ಜೂರಾದ ಉತ್ತರ ತುದಿಯಲ್ಲಿ ಕೊರಿವ್ರೆಕನ್ ಎಂಬ ಭಾರೀ ಸುಳಿಯಿದೆ. ಪಶ್ಚಿಮ ದಂಡೆಯಲ್ಲಿ ಬಿಡಾರ ಹೂಡಿ ದೋಣಿಯಲ್ಲಿ ಮರಳುವಾಗ ಆತ ಉಬ್ಬರದ ಹೊತ್ತನ್ನು ತಪ್ಪಾಗಿ ಲೆಕ್ಕ ಹಾಕಿದ. ದೋಣಿಯ ಎಂಜಿನ್ ಕಳಚಿ ನೀರಿಗೆ ಬಿತ್ತು. ಸೋದರಳಿಯ ಹುಟ್ಟು ಹಾಕಿ ಬಂಡೆಯಂಥ ನಡುಗಡ್ಡೆಯೊಂದಕ್ಕೆ ತಲುಪಿಸುವಷ್ಟರಲ್ಲಿ ದೋಣಿ ಮಗುಚಿತು. ಅದರಡಿಯಿಂದ ಮೂರು ವರ್ಷದ ರಿಚರ್ಡ್‌ನನ್ನು ಆರ್ವೆಲ್ ಎಳೆದು ತೆಗೆದ. ಕೆಲವು ಗಂಟೆಗಳ ಬಳಿಕ ಅತ್ತ ಬಂದ ಮೀನುಗಾರರ ದೋಣಿ ಎಲ್ಲರನ್ನೂ ಕಾಪಾಡಿತು.

ಸುಳಿಯಿಂದ ಪಾರಾದ ದೇಹ ಶ್ವಾಸಕೋಶದ ರೋಗದಿಂದ ಪಾರಾಗಲಿಲ್ಲ. ಆ ಶರತ್ಕಾಲದಲ್ಲಿ ಮೊದಲ ಕರಡು ಮುಗಿಯುತ್ತಿದ್ದಂತೆ ಆತ ಕುಸಿದ. ಡಿಸೆಂಬರ್‌ನಲ್ಲಿ ಗ್ಲಾಸ್ಗೋ ಬಳಿಯ ಹೇರ್‌ಮೈರ್ಸ್ ಆಸ್ಪತ್ರೆಗೆ ಸೇರಿಸಿದರು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ಅಮೆರಿಕದಲ್ಲಿ ಬಂದಿತ್ತು. ಬ್ರಿಟನ್ನಿನಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಆಸ್ಟರ್‌ನ ಪ್ರಯತ್ನ, ಆರೋಗ್ಯ ಸಚಿವ ಅನೈರಿನ್ ಬೆವನ್‌ರ ಅನುಮತಿಯಿಂದ ಅದನ್ನು ತರಿಸಲಾಯಿತು. ರೋಗ ಇಳಿಮುಖವಾಯಿತು. ಆದರೆ ಔಷಧವೇ ಮೈಗೆ ಒಗ್ಗಲಿಲ್ಲ: ಚರ್ಮ ಸುಲಿಯಿತು, ಬಾಯಿ ಹುಣ್ಣಾಯಿತು, ಉಗುರುಗಳು ಉದುರಿದವು. ಕೊಡುವುದನ್ನು ನಿಲ್ಲಿಸಬೇಕಾಯಿತು. ಉಳಿದ ಔಷಧ ಬೇರೆ ರೋಗಿಗಳಿಗೆ ಹೋಯಿತು.

1948ರ ಜುಲೈನಲ್ಲಿ ಆತ ಜೂರಾಕ್ಕೆ ಮರಳಿದ. ವಿಶ್ರಾಂತಿ ಪಡೆಯಬೇಕಿದ್ದವನು ತಿದ್ದುಪಡಿಗೆ ಕೂತ. ಗೀಚಿ, ಹೊಡೆದು, ಅಂಚಿನಲ್ಲೆಲ್ಲ ಸೇರಿಸಿದ ಆ ಹಸ್ತಪ್ರತಿಯನ್ನು ಪಕ್ಕದಲ್ಲಿ ಕೂತು ವಿವರಿಸದೆ ಬೇರೆಯವರು ಓದಿ ಟೈಪ್ ಮಾಡುವಂತಿರಲಿಲ್ಲ. ಟೈಪಿಸ್ಟ್ ಒಬ್ಬರನ್ನು ದ್ವೀಪಕ್ಕೆ ಕಳಿಸಿಕೊಡುವಂತೆ ಲಂಡನ್ನಿಗೆ ಪತ್ರ ಬರೆದ. ಅಷ್ಟು ದೂರ ಬರಲು ಸಿದ್ಧರಾದವರು ಸಿಗಲಿಲ್ಲ. ಕೊನೆಗೆ ಜ್ವರ ಏರಿಳಿಯುತ್ತಿದ್ದಂತೆಯೇ, ಹಾಸಿಗೆಯಲ್ಲಿ ಒರಗಿಕೊಂಡಾದರೂ ಸರಿ ಎಂದು, ಇಡೀ ಕಾದಂಬರಿಯನ್ನು ತಾನೇ ಟೈಪ್ ಮಾಡಿದ. ಡಿಸೆಂಬರ್ ಮೊದಲ ವಾರದಲ್ಲಿ ಕೆಲಸ ಮುಗಿಯಿತು. ಜನವರಿಯಲ್ಲಿ ದ್ವೀಪ ಬಿಟ್ಟು ಗ್ಲಾಸ್ಟರ್‌ಶೈರಿನ ಕ್ಷಯರೋಗ ಚಿಕಿತ್ಸಾಲಯಕ್ಕೆ ಹೋದವನು ಮತ್ತೆ ಮರಳಲಿಲ್ಲ.

ಜೂರಾ ಆತನನ್ನು ಕೊಂದಿತೆ? ಅಲ್ಲಿನ ಚಳಿಯೇ ಮುಳುವಾಯಿತು ಎನ್ನುವುದು ಸರಳೀಕರಣ. ಆತನ ಎದೆ ಬಾಲ್ಯದಿಂದಲೂ ದುರ್ಬಲ, ಲಂಡನ್ನಿನ ಹೊಗೆಯೇನೂ ಅಮೃತವಾಗಿರಲಿಲ್ಲ. ಆದರೆ ದೂರ ಎಂಬುದಕ್ಕೆ ಒಂದು ಬೆಲೆ ಇದ್ದೇ ಇತ್ತು. ಅನಗತ್ಯ ಬೇಡಿಕೆಗಳನ್ನು ದೂರವಿಟ್ಟ ಅದೇ ಕಲ್ಲುಹಾದಿ, ಬೇಕಾದ ಒಬ್ಬ ಟೈಪಿಸ್ಟ್‌ನನ್ನೂ ವೈದ್ಯನನ್ನೂ ದೂರವಿಟ್ಟಿತು. ಯಾರ ಕಣ್ಣೂ ತಲುಪದ ಮನೆಯಲ್ಲಿ ಕೂತು, ಪ್ರತಿ ಗೋಡೆಗೂ ಕಣ್ಣಿರುವ ಲೋಕವನ್ನು ಆತ ಕಲ್ಪಿಸಿದ. ಆ ಲೋಕದ ಭೀಕರತೆ ನಮಗೆ ತಟ್ಟುವುದು, ಅಲ್ಲಿ ಇಲ್ಲವಾದದ್ದು ಏನೆಂಬುದನ್ನು ಬರೆದವನು ಬಲ್ಲವನಾದ್ದರಿಂದ. ಮಗುವಿನ ಗಲಾಟೆ, ತೋಟದ ಮಣ್ಣು, ಯಾರಿಗೂ ತೋರಿಸಬೇಕಿಲ್ಲದ ದಿನಚರಿ, ಇವೆಲ್ಲ ಆತನ ಮಹಡಿಯ ಕೆಳಗೇ ಇದ್ದವು.

‘ನೈನ್ಟೀನ್ ಎಯ್ಟಿ-ಫೋರ್’ 1949ರ ಜೂನ್ 8ರಂದು ಪ್ರಕಟವಾಯಿತು. ಅಕ್ಟೋಬರ್‌ನಲ್ಲಿ ಲಂಡನ್ನಿನ ಆಸ್ಪತ್ರೆಯ ಹಾಸಿಗೆಯಲ್ಲಿಯೇ ಸೋನಿಯಾ ಬ್ರೌನೆಲ್‌ಳೊಂದಿಗೆ ಮರುಮದುವೆಯಾಯಿತು. ಸ್ವಿಟ್ಜರ್‌ಲೆಂಡಿನ ಚಿಕಿತ್ಸಾಲಯಕ್ಕೆ ಹೊರಡುವ ಸಿದ್ಧತೆ ನಡೆದಿತ್ತು. ಕೋಣೆಯ ಮೂಲೆಯಲ್ಲಿ ಮೀನಿನ ಗಾಳದ ಕೋಲೂ ಇತ್ತು. 1950ರ ಜನವರಿ 21ರಂದು, ನಲವತ್ತಾರನೆಯ ವಯಸ್ಸಿನಲ್ಲಿ, ಆತ ತೀರಿಕೊಂಡ. ಸಟನ್ ಕೋರ್ಟ್ನಿಯ ಚರ್ಚಿನ ಆವರಣದಲ್ಲಿರುವ ಸಮಾಧಿಯ ಕಲ್ಲಿನ ಮೇಲಿರುವುದು ಎರಿಕ್ ಆರ್ಥರ್ ಬ್ಲೇರ್ ಎಂಬ ಹೆಸರು ಮಾತ್ರ. ರಿಚರ್ಡ್‌ನನ್ನು ಬೆಳೆಸಿದವಳು ಏವ್ರಿಲ್. ಅವನು ಮುಂದೆ ಕೃಷಿ ಎಂಜಿನಿಯರ್ ಆದ.

ಬಾರ್ನ್‌ಹಿಲ್‌ಗೆ ಹೋಗಿ ಬರಲು ಎಂಟು ಮೈಲಿಯ ನಡಿಗೆ ನನ್ನ ಮೊಣಕಾಲುಗಳಿಗೆ ಹೆಚ್ಚೇ ಆಯಿತು. ಮನೆಯಲ್ಲಿ ಬೇರೆ ಯಾರೋ ತಂಗಿದ್ದುದರಿಂದ ದೂರದಲ್ಲೇ ನಿಂತು ನೋಡಿ ಹಿಂತಿರುಗಿದೆ. ಪರರ ಖಾಸಗಿತನದೊಳಗೆ ಇಣುಕದಿರುವುದೇ ಆ ಮನೆಗೆ ಸಲ್ಲಿಸಬಹುದಾದ ಗೌರವ ಎನಿಸಿತು. ಸಂಜೆ ನಮ್ಮ ಬಿಡಾರ ತಲುಪಿದಾಗ ಅನ್ನ ಸಾರು ಸಿದ್ಧವಾಗಿತ್ತು. ಉಂಡ ಮೇಲೆ ಪಾತ್ರೆಗಳನ್ನು ನಾನು ತೊಳೆದೆ. ಆ ವಾರದಲ್ಲಿ ಅದೇ ಮೊದಲು.